ತೇಪೆಯಡಿಯ ತೇವ

"ಇದು ನನ್ನ ಕೈಕೆಲಸ ಅಲ್ಲ," ಎಂದಳು ಸಣ್ಣಿ. ಅಂಗಡಿಯಲ್ಲಿ ಕೇಳಿಸಿಕೊಳ್ಳುವವರು ಯಾರೂ ಇರಲಿಲ್ಲ. ಆದರೂ ಜೋರಾಗಿಯೇ ಹೇಳಿದಳು.

ಅಕ್ಕನ ಕಾರಿನ ಹಿಂದಿನ ಸೀಟಿನ ಮೇಲೆ ಮಂಡಿಯೂರಿ, ಎಡಗಡೆಯ ಗಾಜಿಗೆ ಟಾರ್ಚು ಹಿಡಿದಿದ್ದಳು. ಗಾಜಿಗೆ ಒಳಗಿನಿಂದ ಅಂಟಿಸಿದ್ದ ಕಪ್ಪು ಫಿಲಂ ಮೇಲೆ, ಕೆಳತುದಿಗೆ ಹತ್ತಿರದಲ್ಲಿ ಒಂದು ತೇಪೆ. ಬೆಂಕಿಪೊಟ್ಟಣಕ್ಕಿಂತ ಚಿಕ್ಕದು, ಚೌಕಾಕಾರದ್ದು. ಹೊರಗೆ ನಿಂತು ನೋಡಿದರೆ ಯಾರ ಕಣ್ಣಿಗೂ ಬೀಳುವಂಥದ್ದಲ್ಲ. ಒಳಗೆ ಕೂತು ಟಾರ್ಚನ್ನು ಓರೆಯಾಗಿ ಹಿಡಿದಾಗ ಮಾತ್ರ ಅದರ ಅಂಚುಗಳು ಕೂದಲೆಳೆಯಂತೆ ಮಿನುಗಿದವು.

ಅಕ್ಕ ಕಾಣೆಯಾಗಿ ತಿಂಗಳ ಮೇಲಾಗಿತ್ತು. ಮಾರನೇ ದಿನವೇ ರೈಲು ನಿಲ್ದಾಣದ ಪಾರ್ಕಿಂಗ್‌ನಲ್ಲಿ ಈ ಕಾರು ಸಿಕ್ಕಿತ್ತು. ಅಂದಿನಿಂದ ಪೊಲೀಸರ ಅಂಗಳದಲ್ಲೇ ಇದ್ದ ಕಾರನ್ನು ನಿನ್ನೆಯಷ್ಟೇ ಬಿಟ್ಟುಕೊಟ್ಟರು. ಭಾವ ಹೇಳಿದ್ದು ಹಾಗೆ.

ನಿನ್ನೆ ಸಂಜೆ ಭಾವನೇ ಅದನ್ನು ಓಡಿಸಿಕೊಂಡು ಬಂದು ಅಂಗಡಿಯೊಳಗೆ, ಎಡಮಗ್ಗುಲು ರಸ್ತೆಗೆ ಬರುವ ಹಾಗೆ ನಿಲ್ಲಿಸಿದ್ದರು. "ಮಾರಿಬಿಡ್ತೀನಿ ಸಣ್ಣಿ. ಬಾಗಿಲಲ್ಲಿ ಇದು ನಿಂತಿದ್ರೆ ಅವಳು ಈಗ ಇಳಿದು ಬರ್ತಾಳೇನೋ ಅನ್ನಿಸುತ್ತೆ. ಫಿಲಂ ಅಲ್ಲಲ್ಲಿ ಕೆಟ್ಟಿದೆ, ನೋಡೋಕೆ ಬರೋರಿದ್ದಾರೆ. ಒಂಚೂರು ಸರಿ ಮಾಡಿಕೊಡು" ಎಂದಿದ್ದರು. ಕೆಟ್ಟ ಜಾಗಗಳನ್ನು ಬೆರಳಿಟ್ಟು ತೋರಿಸಿದ್ದರು. ಈ ಗಾಜನ್ನು ತೋರಿಸಿರಲಿಲ್ಲ.

ತೋರಿಸಿದ್ದನ್ನೆಲ್ಲ ಸಣ್ಣಿ ಬೆಳಗ್ಗೆಯೇ ಮುಗಿಸಿದ್ದಳು. ಡ್ರೈವರ್ ಪಕ್ಕದ ಗಾಜಿನಲ್ಲಿ ಮೂಲೆ ಎದ್ದು ಸುರುಳಿಯಾಗಿತ್ತು. ಅದಕ್ಕೆ ಬಿಸಿಗಾಳಿ ಹಿಡಿದು, ಒಂದು ಹನಿ ಅಂಟು ಸವರಿ, ಬಟ್ಟೆ ಸುತ್ತಿದ ಕಾರ್ಡಿನಿಂದ ಒತ್ತಿ ಕೂರಿಸಿದಳು. ಹಿಂದಿನ ದೊಡ್ಡ ಗಾಜಿನಲ್ಲಿದ್ದ ಗುಳ್ಳೆಗೆ ಸೂಜಿ ಚುಚ್ಚಿ, ಒಳಗಿನ ಗಾಳಿಯನ್ನು ನಿಧಾನಕ್ಕೆ ಹೊರಗೆ ತಳ್ಳಿದಳು. ಸೀಟ್ ಬೆಲ್ಟಿನ ಕೊಂಡಿ ಗೀಚಿದ ಕಡೆ ಕೆಟ್ಟ ಭಾಗವನ್ನಷ್ಟೇ ದುಂಡಗೆ ಕತ್ತರಿಸಿ ತೆಗೆದು, ಸೋಪಿನ ನೀರು ಚಿಮುಕಿಸಿ ಹೊಸ ತುಂಡು ಕೂರಿಸಿದಳು.

ಅಂಥ ಕೆಲಸವೆಂದರೆ ಅವಳಿಗೆ ಜೀವ. ಇಡೀ ಗಾಜಿನ ಫಿಲಂ ಕಿತ್ತು ಹೊಸದು ಹಾಕುವುದು ಸುಲಭ. ಉಗುರಗಲದ ಜಾಗವನ್ನು ಉಳಿದದ್ದಕ್ಕೆ ಗೊತ್ತಾಗದ ಹಾಗೆ ಸರಿಮಾಡುವಾಗ ಹೊತ್ತು ಹೋದದ್ದೇ ತಿಳಿಯದು. ಈಗಂತೂ ಹೊತ್ತು ಹೋಗುವುದೇ ಅವಳಿಗೆ ಬೇಕಾಗಿತ್ತು.

ಬೀದಿಯವರಿಗೆಲ್ಲ ಅವಳು "ಫಿಲಂ ಅಕ್ಕ". ಅಕ್ಕ ಎಂದು ಕರೆಸಿಕೊಂಡು ಕರೆಸಿಕೊಂಡು, ತಾನು ಒಬ್ಬಳಿಗೆ ತಂಗಿ ಎಂಬುದು ದಿನಕ್ಕೊಮ್ಮೆ ಮಾತ್ರ ನೆನಪಾಗುತ್ತಿತ್ತು. ಮಧ್ಯಾಹ್ನ ಫೋನು ಬರುತ್ತಿತ್ತು. "ಊಟ ಆಯ್ತೇನೇ?" ಅಷ್ಟೇ ಮಾತು. ಆಯ್ತು ಎಂದು ಸುಳ್ಳು ಹೇಳಿ, ಆಮೇಲೆ ಉಣ್ಣುತ್ತಿದ್ದಳು. ಈಗ ಕೇಳುವವರಿಲ್ಲ. ನಿಂತುಕೊಂಡೇ ಎರಡು ತುತ್ತು ತಿಂದು, ತಟ್ಟೆ ತೊಳೆದು ಬೋರಲು ಹಾಕುತ್ತಾಳೆ. ಒಂದೇ ತಟ್ಟೆ.

ಗಿರಾಕಿಗಳೂ ಕಮ್ಮಿಯಾಗಿದ್ದರು. ಪೊಲೀಸ್ ಜೀಪು ಬಂದು ಹೋಗುವ ಅಂಗಡಿ ಯಾರಿಗೆ ಬೇಕು? ಎದುರಿನ ಟಯರ್ ಅಂಗಡಿಯವನು ಮೊದಲು ಕೈಯೆತ್ತಿ ನಗುತ್ತಿದ್ದ. ಈಗ ಅವಳನ್ನು ಕಂಡರೆ ಟಯರಿನೊಳಗೆ ಏನೋ ಹುಡುಕತೊಡಗುತ್ತಾನೆ.

ಸಣ್ಣಿ ತೇಪೆಯ ಮೇಲೆ ಹೆಬ್ಬೆರಳಿಟ್ಟು ಮೆಲ್ಲಗೆ ಒತ್ತಿದಳು.

ಬೆರಳಿನಡಿ ಏನೋ ಸರಿಯಿತು. ಟಾರ್ಚು ಹತ್ತಿರ ತಂದಳು. ಸಾಸಿವೆಗಿಂತ ಸಣ್ಣ ನೀರಿನ ಗುಳ್ಳೆಗಳು ತೇಪೆಯ ಕೆಳಗೆ ಓಡಾಡುತ್ತಿದ್ದವು.

ಅವಳು ಹೆಬ್ಬೆರಳು ತೆಗೆದಳು.

ಫಿಲಂ ಅಂಟಿಸುವಾಗ ಕೆಳಗೆ ಉಳಿಯುವ ನೀರು ಆರಲು ದಿನಗಳು ಬೇಕು. ಬಿಸಿಲಿದ್ದರೆ ಬೇಗ, ನೆರಳಿದ್ದರೆ ನಿಧಾನ. ಆದರೆ ತಿಂಗಳಾನುಗಟ್ಟಲೆ ನಿಲ್ಲುವುದಿಲ್ಲ. ಅಂದರೆ ಈ ತೇಪೆ ಹಾಕಿದ್ದು ಅಕ್ಕ ಕಾಣೆಯಾಗುವ ಮುಂಚೆ ಅಲ್ಲ. ಆಮೇಲೆ. ಅದೂ ತೀರಾ ಈಚೆಗೆ.

ಅವಳು ಕಾರಿನಿಂದ ಇಳಿದಳು. ಸೆರಗಿಗೆ ಕೈಯೊರೆಸಿಕೊಂಡು ಬಾಗಿಲಲ್ಲಿ ನಿಂತಳು. ರಸ್ತೆಯಾಚೆಯಿಂದ ಭಾವ ಬರುತ್ತಿದ್ದರು.

ಭಾವ ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುವವರು. ಯಾವಾಗಲೂ ಸ್ಪಿರಿಟ್ಟಿನ ವಾಸನೆ. ಮೆತ್ತಗಿನ ಮನುಷ್ಯ. ಸೂಜಿ ಚುಚ್ಚುವಾಗ ಮಕ್ಕಳಿಗಿಂತ ಮೊದಲು ತಾವೇ ಮುಖ ಕಿವಿಚುತ್ತಾರೆಂದು ಅಕ್ಕ ತಮಾಷೆ ಮಾಡುತ್ತಿದ್ದಳು. ಈ ತಿಂಗಳಲ್ಲಿ ಅವರ ಕೆನ್ನೆ ಒಳಗೆ ಹೋಗಿತ್ತು. ಚಪ್ಪಲಿ ಬಾಗಿಲಲ್ಲಿ ಬಿಟ್ಟು, ಕೆಲಸದ ಮೇಜಿನ ಪಕ್ಕದ ಸ್ಟೂಲಿನ ಮೇಲೆ ಕೂತರು.

"ಆಯ್ತಾ, ಸಣ್ಣಿ?"

"ನೀವು ಹೇಳಿದ್ದೆಲ್ಲ ಆಯ್ತು. ಹೇಳದೇ ಇದ್ದದ್ದು ಒಂದು ಉಳೀತು."

"ಯಾವುದು?"

"ಹಿಂದಿನ ಎಡಗಡೆ ಗಾಜು."

ಭಾವ ಕನ್ನಡಕ ತೆಗೆದರು. ಅಂಗಿಯ ತುದಿಯಿಂದ ಒರೆಸಿದರು. ಒರೆಸಿದ್ದನ್ನೇ ಮತ್ತೆ ಒರೆಸಿದರು.

"ಅದು... ಪೊಲೀಸರು ಏನಾದ್ರೂ ಮಾಡಿರಬೇಕು."

"ಪೊಲೀಸರು ಫಿಲಂ ಕೀಳಿಸ್ತಾರೆ, ಭಾವ. ತೇಪೆ ಹಾಕಿ ಕಳಿಸಲ್ಲ."

ಬೇರೆ ದಿನವಾಗಿದ್ದರೆ ಇಬ್ಬರೂ ನಗುತ್ತಿದ್ದರೇನೋ. ಭಾವ ನೆಲ ನೋಡಿದರು.

"ಕಾರು ನಿಜವಾಗ್ಲೂ ಯಾವಾಗ ಬಂತು?"

"ಹೇಳಿದ್ನಲ್ಲ, ನಿನ್ನೆ..."

"ತೇಪೆ ಇನ್ನೂ ಒದ್ದೆ ಇದೆ. ಬಿಸಿಲಲ್ಲಿ ನಿಂತಿದ್ರೆ ಎಂದೋ ಒಣಗಿರೋದು. ಸ್ಟೇಷನ್ ಅಂಗಳದಲ್ಲಿ ನೆರಳಿಗೆ ಅಂತ ಒಂದು ಗಿಡಾನೂ ಇಲ್ಲ. ಹೇಳಿಕೆ ಕೊಡೋಕೆ ಹೋದಾಗೆಲ್ಲ ನಾನು ಅಲ್ಲೇ ಬೆಂದಿದ್ದೀನಿ. ಈ ಕಾರು ಎಲ್ಲೋ ನೆರಳಲ್ಲಿತ್ತು. ಎಲ್ಲಿ ಇಟ್ಟಿದ್ರಿ?"

ಭಾವ ಕನ್ನಡಕವನ್ನು ಮತ್ತೆ ಹಾಕಿಕೊಂಡರು.

"ಕೊಟ್ಟು ಎರಡು ವಾರ ಆಯ್ತು," ಎಂದರು ಕೊನೆಗೆ. "ನಮ್ಮನೆ ಎದುರಿನ ಕಟ್ಟಡ ಇದೆಯಲ್ಲ, ಅದರ ಕೆಳಗಡೆ ಪಾರ್ಕಿಂಗ್‌ನಲ್ಲಿ, ಕಂಬದ ಹಿಂದೆ ನಿಲ್ಲಿಸಿದ್ದೆ."

"ದಿನಾ ಸಂಜೆ ನಿಮ್ಮನೆಗೆ ಬರ್ತಿದ್ದೆನಲ್ಲ ನಾನು! ಒಂದು ಮಾತು ಹೇಳಲಿಲ್ಲ?"

"ಬಂದ ದಿನಾನೇ ಹೇಳೋಣ ಅಂತಿದ್ದೆ. ನೀನು ಊಟದ ಡಬ್ಬಿ ಹಿಡ್ಕೊಂಡು ಬಂದೆ. ನಾನು ಅಂಗಿ ತಿರುಗಾಮುರುಗಾ ಹಾಕ್ಕೊಂಡು ಇಡೀ ದಿನ ಲ್ಯಾಬಲ್ಲಿ ಓಡಾಡಿದ್ದು ನೋಡಿ ನಕ್ಕೆ. ನೆನಪಿದೆಯಾ? ಆ ಮನೇಲಿ ನಗು ಕೇಳಿ ಎಷ್ಟೋ ದಿನ ಆಗಿತ್ತು. ಕಾರು ಅಂದ್ರೆ ಮತ್ತೆ ಅಳ್ತೀಯ ಅಂತ ಸುಮ್ಮನಾದೆ."

ಸಣ್ಣಿಗೆ ನೆನಪಿತ್ತು. ಬಾಗಿಲಲ್ಲೇ ನಿಂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದಳು. ಹೊರಗೆದ್ದು ನಿಂತಿದ್ದ ಕಾಲರಿನ ಹೊಲಿಗೆಯನ್ನು ಬೆರಳಿಂದ ಎಳೆದು ತೋರಿಸಿದ್ದಳು. ಭಾವನೂ ನಕ್ಕಿದ್ದರು. ಆಮೇಲೆ ಇಬ್ಬರಿಗೂ ನಾಚಿಕೆಯಾಗಿ, ಡಬ್ಬಿ ಕೈ ಬದಲಾಯಿಸಿ, ಅವಳು ಬೇಗ ಹೊರಟುಬಿಟ್ಟಿದ್ದಳು.

"ಆಮೇಲೆ?"

"ಮಾರನೇ ದಿನ ಬೆಳಗ್ಗೆ ಕಾರು ಒರೆಸೋಕೆ ಹೋದೆ. ಹಿಂದಿನ ಗಾಜಲ್ಲಿ ಒಂದು ಕಿಂಡಿ. ಫಿಲಂ ಅಷ್ಟು ಜಾಗದಲ್ಲಿ ಇಲ್ಲವೇ ಇಲ್ಲ. ಸೀಟಿನ ಮೇಲೆ ಕಪ್ಪು ಚೂರು ಬಿದ್ದಿತ್ತು. ಹಿಂದಿನ ದಿನ ಇರಲಿಲ್ಲ, ಸಣ್ಣಿ. ನಾನೇ ಬೀಗ ಹಾಕಿದ್ದೆ. ಬೀಗ ಹಾಕಿದ ಹಾಗೇ ಇತ್ತು."

"ಎರಡನೇ ಕೀಲಿ?"

"ಅವಳ ಬ್ಯಾಗಲ್ಲಿ ಇತ್ತಲ್ಲ. ಬ್ಯಾಗೂ ಸಿಕ್ಕಿಲ್ಲ, ಕೀಲೀನೂ ಸಿಕ್ಕಿಲ್ಲ."

ಒಂದು ಲಾರಿ ರಸ್ತೆಯಲ್ಲಿ ಹೋಯಿತು. ಅಂಗಡಿಯ ಗಾಜುಗಳೆಲ್ಲ ಸಣ್ಣಗೆ ನಡುಗಿ ಸುಮ್ಮನಾದವು.

"ಪೊಲೀಸರಿಗೆ ಹೇಳಬೇಕಿತ್ತು."

"ಏನಂತ ಹೇಳಲಿ? ಹೆಂಡತಿ ಕಾಣೆ, ಅವಳ ಕಾರಲ್ಲಿ ಒಳಗಿಂದ ಯಾರೋ ಕೆರೆದಿದ್ದಾರೆ, ಕೀಲಿ ನನ್ನ ಹತ್ರ ಇದೆ. ನೀನೇ ಇನ್ಸ್‌ಪೆಕ್ಟರ್ ಆಗಿದ್ರೆ ಏನಂದ್ಕೋತಿದ್ದೆ? ಕೂಡಿ ಹಾಕಿದ್ದ ಅಂತಿರಲಿಲ್ವಾ? ಹೆದರಿ ಬೇರೆ ಕಡೆ ಹೋಗಿ ತೇಪೆ ಹಾಕಿಸಿದೆ."

"ಮತ್ತೆ ನನ್ನ ಹತ್ರ ಯಾಕೆ ತಂದ್ರಿ? ನನ್ನ ಕಣ್ಣಿಗೆ ಬೀಳಲ್ಲ ಅಂದ್ಕೊಂಡ್ರಾ?"

ಭಾವ ಸ್ಟೂಲಿನಿಂದ ಎದ್ದರು. "ಬೀಳಲಿ ಅಂತಾನೇ ತಂದೆನೇನೋ," ಎಂದರು. "ಬಾಯಿಬಿಟ್ಟು ಹೇಳೋ ಧೈರ್ಯ ಇರಲಿಲ್ಲ."

ಸಣ್ಣಿಯ ಸಿಟ್ಟು ಅರ್ಧಕ್ಕರ್ಧ ಇಳಿಯಿತು. ಇವರೂ ತನ್ನ ಹಾಗೇ ಒಂದೇ ತಟ್ಟೆ ತೊಳೆಯುವವರು. ಗೋಡೆಯ ಜೊತೆ ಮಾತಾಡುವವರು. ಮತ್ತೆ ಕಾರಿನೊಳಗೆ ಹೋಗಿ ಮಂಡಿಯೂರಿದಳು.

"ಭಾವ, ಪೆಟ್ಟಿಗೆಯಿಂದ ಒಂದು ಬ್ಲೇಡು ಕೊಡಿ."

ಅವರು ಮೇಜಿನ ಮೇಲಿದ್ದ ಪೆಟ್ಟಿಗೆಯಲ್ಲಿ ತಡಕಾಡಿದರು. ಎರಡು ಸಲ ಕೇಳಿದ ಮೇಲೆ ಬ್ಲೇಡು ತಂದು, ಕಿಟಕಿಯಿಂದ ಕೈಗಿತ್ತರು. ಸಣ್ಣಿ ನೀರು ಚಿಮುಕಿಸಿದಳು. ತೇಪೆಯ ಒಂದು ಮೂಲೆಯಡಿ ಬ್ಲೇಡಿನ ತುದಿ ತೂರಿಸಿ ಎತ್ತಿದಳು. ತೇಪೆ ಸಲೀಸಾಗಿ ಎದ್ದು ಬಂತು.

ಕೆಳಗಿನ ಕಿಂಡಿಯಿಂದ ಹಗಲಿನ ಬೆಳಕು ನೇರವಾಗಿ ಅವಳ ಕಣ್ಣಿಗೆ ಹೊಡೆಯಿತು.

ಕೆರೆದ ಕಿಂಡಿ ಅಲ್ಲ ಅದು. ಕೀಲಿಯಿಂದಲೋ ಉಗುರಿಂದಲೋ ಕೆರೆದಿದ್ದರೆ ಅಂಚು ಹರಿದು ಚಿಂದಿಯಾಗಿರಬೇಕಿತ್ತು. ಇದು ಬಳೆಯ ಹಾಗೆ ದುಂಡಗಿತ್ತು. ಒಂದೇ ಎಳೆತದಲ್ಲಿ ಕತ್ತರಿಸಿದ್ದು. ಅಷ್ಟೇ ಅಲ್ಲ, ಗಾಜಿನ ಮೇಲೆ ಹಳೆಯ ಅಂಟಿನ ಒಂದು ಕಲೆಯೂ ಇರಲಿಲ್ಲ. ಫಿಲಂ ಕಿತ್ತವರು ಅಂಟು ತೊಳೆಯುವುದನ್ನೂ ಮರೆತಿರಲಿಲ್ಲ. ಅಂಟು ಉಳಿದರೆ ಗಾಜು ಮಬ್ಬಾಗುತ್ತದೆ. ಮಬ್ಬಾದರೆ ಆಚೆಗಿನದು ಕಾಣುವುದಿಲ್ಲ.

"ಮೂಲೆ ಬಿಟ್ಟರೆ ಅಲ್ಲಿಂದಲೇ ಏಳುತ್ತೆ, ದುಂಡಗೆ ಕತ್ತರಿಸ್ರೇ," ಎನ್ನುತ್ತಿದ್ದರು ಅಪ್ಪ. ಇದೇ ಅಂಗಡಿಯಲ್ಲಿ, ಹಳೆಯ ಗಾಜಿನ ತುಂಡುಗಳ ಮುಂದೆ ಇಬ್ಬರು ಹೆಣ್ಣುಮಕ್ಕಳನ್ನು ಕೂರಿಸಿಕೊಂಡು. ಸಣ್ಣಿಯ ವೃತ್ತ ಬಹಳ ದಿನ ಮೊಟ್ಟೆಯಾಗಿಯೇ ಬರುತ್ತಿತ್ತು. ಅಕ್ಕನದು ಮೊದಲ ದಿನವೇ ದುಂಡಗೆ ಬಂದಿತ್ತು. ಆದರೂ ಅಪ್ಪ ಅಂಗಡಿ ಬರೆದುಕೊಟ್ಟದ್ದು ಸಣ್ಣಿಯ ಹೆಸರಿಗೆ.

"ಅಕ್ಕ," ಎಂದಳು ಸಣ್ಣಿ. "ಭಾವ, ಅಕ್ಕ ಬದುಕಿದ್ದಾಳೆ! ಇದು ಅವಳ ಕೈ. ಅಪ್ಪ ಕಲಿಸಿದ ಹಾಗೆ ಕತ್ತರಿಸೋದು ನಾವಿಬ್ಬರೇ!"

ಭಾವ ಕಾರಿನ ಬಾಗಿಲಿಗೆ ಆತು ನಿಂತರು. "ಅವಳು ಯಾಕೆ ಕಾರಲ್ಲಿ ಕೂತಿರ್ತಾಳೆ? ಮನೆ ಎದುರಿಗೇ ಇದೆಯಲ್ಲ. ಬಾಗಿಲು ತಟ್ಟಬಹುದಿತ್ತಲ್ಲ?"

ಸಣ್ಣಿಗೂ ಅದೇ ಪ್ರಶ್ನೆ ಬಂದಿತ್ತು. ಉತ್ತರವೂ ಜೊತೆಯಲ್ಲೇ ಬರತೊಡಗಿತು. ಅದು ಬರುವುದು ಅವಳಿಗೆ ಬೇಡವಾಗಿತ್ತು.

ಈ ಗಾಜಿನ ಫಿಲಂ ಹಳೆಯದು, ಒರೆಸಿ ಒರೆಸಿ ಮಬ್ಬಾದದ್ದು. ಸಂಜೆ ಹೊತ್ತು ಒಳಗೆ ಕೂತು ನೋಡಿದರೆ ಹೊರಗೆ ಯಾರೋ ಇದ್ದಾರೆ ಎಂದಷ್ಟೇ ತಿಳಿದೀತು. ಯಾರೆಂದು ಗುರುತು ಸಿಗದು. ಮುಖ ನೋಡಬೇಕಾದವರಿಗೆ ಮಾತ್ರ ಕಿಂಡಿ ಬೇಕು.

"ಭಾವ, ಕಂಬದ ಹಿಂದೆ ನಿಲ್ಲಿಸಿದಾಗ ಈ ಗಾಜು ಯಾವ ಕಡೆಗಿತ್ತು?"

"ರಸ್ತೆ ಕಡೆಗೆ."

"ಅಂದ್ರೆ ನಿಮ್ಮನೆ ಬಾಗಿಲ ಕಡೆಗೆ."

ಭಾವ ತಲೆಯಾಡಿಸಿದರು.

ಸಣ್ಣಿ ಕಿಂಡಿಗೆ ಕಣ್ಣಿಟ್ಟಳು. ಸೀಟಿನಲ್ಲಿ ಸಾಕಷ್ಟು ಕುಗ್ಗಿ ಕೂರಬೇಕಾಯಿತು. ಎದುರಿನ ಟಯರ್ ಅಂಗಡಿ, ಅದರ ಬಾಗಿಲು, ಬಾಗಿಲಲ್ಲಿ ನಿಂತವನ ಮೀಸೆ, ಎಲ್ಲ ಸ್ಪಷ್ಟವಾಗಿ ಕಂಡವು. ಮಾತು ಮಾತ್ರ ಕೇಳಿಸಲಿಲ್ಲ. ಟಯರ್ ಅಂಗಡಿಯವನು ಯಾರಿಗೋ ಏನೋ ಹೇಳಿ ನಗುತ್ತಿದ್ದ. ಏನೆಂದು ತಿಳಿಯುವಂತಿರಲಿಲ್ಲ.

ಆ ಸಂಜೆಯೂ ಅಷ್ಟೇ. ಇಲ್ಲಿ ಕುಗ್ಗಿ ಕೂತವಳಿಗೆ ತಿರುಗಾಮುರುಗಾ ಅಂಗಿಯ ಮಾತು ಕೇಳಿಸಿರಲಾರದು. ಕಂಡದ್ದು ಇಷ್ಟು. ತನ್ನ ಗಂಡ, ತನ್ನ ತಂಗಿ, ತನ್ನ ಮನೆಯ ಬಾಗಿಲು. ಇಬ್ಬರ ನಗು. ತಂಗಿಯ ಕೈ ಗಂಡನ ಕಾಲರಿನ ಮೇಲೆ.

"ಅಯ್ಯೋ ಅಕ್ಕಾ," ಎಂದಳು ಸಣ್ಣಿ, ಗಾಜಿಗೆ ಹಣೆಯಿಟ್ಟು. "ಇಳಿದು ಬಂದು ನಾಲ್ಕು ಬಾರಿಸಬಾರದಿತ್ತೇನೇ..."

ಹೊರಗೆ ಜೀಪು ನಿಂತ ಸದ್ದಾಯಿತು.

ಇನ್ಸ್‌ಪೆಕ್ಟರ್ ಮೇಡಂ ಒಳಗೆ ಬಂದರು, ಹಿಂದೆ ಇಬ್ಬರು ಪೇದೆಗಳು. ಕುಳ್ಳಗಿನ ಹೆಂಗಸು, ನಡಿಗೆ ಚುರುಕು. ಈ ತಿಂಗಳಲ್ಲಿ ಸಣ್ಣಿಯ ಫೋನಿಗೆ ತಾನಾಗಿ ಕರೆ ಮಾಡಿದವರು ಇವರೊಬ್ಬರೇ. "ಧೈರ್ಯವಾಗಿರಿ, ಹುಡುಕ್ತಾ ಇದ್ದೀವಿ" ಎನ್ನುತ್ತಿದ್ದ ದನಿಗಾಗಿ ಅವಳು ಕಾಯುವಂತಾಗಿತ್ತು. ಇವತ್ತು ಆ ದನಿ ಇರಲಿಲ್ಲ.

"ಕಾರಿಂದ ಇಳೀರಿ. ಕೈಯಲ್ಲಿರೋದು ಕೆಳಗಿಡಿ."

ಸಣ್ಣಿ ಇಳಿದಳು. ಒಂದು ಕೈಯಲ್ಲಿ ಬ್ಲೇಡು, ಇನ್ನೊಂದು ಕೈಯಲ್ಲಿ ಒದ್ದೆ ತೇಪೆ. ಎರಡನ್ನೂ ಕಾರಿನ ಮೇಲಿಟ್ಟಳು.

"ಮೇಡಂ, ಅಕ್ಕ ಬದುಕಿದ್ದಾಳೆ! ನಾನೇ ಫೋನ್ ಮಾಡೋಳಿದ್ದೆ..."

"ಗೊತ್ತು. ಸ್ಟೇಷನ್ನಲ್ಲಿ ಕೂತಿದ್ದಾರೆ."

ಸಣ್ಣಿ ಕಾರಿನ ಬಾಗಿಲು ಹಿಡಿದುಕೊಂಡು ನಕ್ಕಳೋ ಅತ್ತಳೋ ಅವಳಿಗೇ ತಿಳಿಯಲಿಲ್ಲ. "ಹೇಗಿದ್ದಾಳೆ? ನಾನು ನೋಡಬೇಕು, ಈಗಲೇ ಬರ್ತೀನಿ, ಬೀಗ ಹಾಕಿ..."

"ಬರ್ತೀರಿ. ಕರ್ಕೊಂಡು ಹೋಗೋಕೇ ಬಂದಿದ್ದೀನಿ." ಇನ್ಸ್‌ಪೆಕ್ಟರ್ ಕಿಂಡಿಯನ್ನೂ ತೇಪೆಯನ್ನೂ ಒಂದರ ನಂತರ ಒಂದು ನೋಡಿದರು. "ನಿಮ್ಮಕ್ಕ ದೂರು ಕೊಟ್ಟಿದ್ದಾರೆ. ಅವರು ಮನೆ ಬಿಟ್ಟು ಓಡಿದ್ದು ನಿಮ್ಮ ಹೆದರಿಕೆಗಂತೆ. ನಾವು ಬಿಟ್ಟುಕೊಟ್ಟ ಮೇಲೆ ಈ ಕಾರಲ್ಲಿ ಕಿಂಡಿ ಮಾಡ್ಕೊಂಡು ಅವರ ಮನೆ ಕಾಯ್ತಾ ಕೂರ್ತಿದ್ದದ್ದು ನೀವಂತೆ. ಹಾಗೆ ಕತ್ತರಿಸೋಕೆ ನಿಮಗೆ ಮಾತ್ರ ಬರೋದಂತೆ."

"ನಾನಾ?"

"ಅವರ ಬ್ಯಾಗಿಂದ ಎರಡನೇ ಕೀಲಿ ಕದ್ದದ್ದೂ ನೀವೇ ಅಂತಾರೆ. ನಿಮ್ಮ ಕೆಲಸದ ಪೆಟ್ಟಿಗೆಯ ತಳದಲ್ಲಿ ಇದೆಯಂತೆ."

"ನೋಡಿ ಮೇಡಂ. ಏನಿದೆಯೋ ಎಲ್ಲ ತೆಗೆದು ನೋಡಿ."

ಪೇದೆಯೊಬ್ಬ ಪೆಟ್ಟಿಗೆ ಬೋರಲು ಹಾಕಿದ. ರಬ್ಬರ್ ಪಟ್ಟಿ, ಸೂಜಿ ಡಬ್ಬಿ, ಬ್ಲೇಡುಗಳು, ಅಂಟಿನ ಟ್ಯೂಬು ಮೇಜಿನ ಮೇಲೆ ಉರುಳಿದವು. ಎಲ್ಲಕ್ಕಿಂತ ಕೊನೆಗೆ, ಟಣ್ ಎಂದು, ಕಾರಿನ ಕೀಲಿ ಬಿತ್ತು. ಅಕ್ಕನ ಕೀಲಿ. ಅದಕ್ಕೆ ಕಟ್ಟಿದ್ದ ಕೆಂಪು ದಾರವೂ ಹಾಗೇ ಇತ್ತು.

ಇನ್ಸ್‌ಪೆಕ್ಟರ್ ಅದನ್ನು ಕರವಸ್ತ್ರದಲ್ಲಿ ಎತ್ತಿಕೊಂಡರು.

ಸಣ್ಣಿಗೆ ಮೊದಲು ಅನ್ನಿಸಿದ್ದು, ಅಕ್ಕ ಇಲ್ಲಿಗೆ ಬಂದಿದ್ದಳೇ ಎಂದು. ಈ ಕೋಣೆಗೆ ಬಂದು, ಇದನ್ನಿಟ್ಟು, ಒಂದು ಮಾತೂ ಆಡದೆ ಹೋದಳೇ? ಸಂಕಟದಲ್ಲಿ ಬೇರೇನೂ ಹೊಳೆಯಲಿಲ್ಲ. ಆಮೇಲೆ ಹೊಳೆಯಿತು. ಗಿರಾಕಿಗಳಿಲ್ಲದ ಬೆಳಗುಗಳನ್ನು ಅವಳು ಕಳೆಯುತ್ತಿದ್ದದ್ದೇ ಆ ಪೆಟ್ಟಿಗೆ ಖಾಲಿ ಮಾಡಿ, ಒರೆಸಿ, ಮತ್ತೆ ತುಂಬಿಸಿ. ಇವತ್ತೂ ಒರೆಸಿದ್ದಳು. ತಳದ ತಗಡಿನಲ್ಲಿ ತನ್ನ ಮುಖ ಕಾಣುವ ತನಕ. ಅದರಲ್ಲಿ ಕೀಲಿ ಇರಲಿಲ್ಲ.

"ಮೇಡಂ, ಅಕ್ಕ ಸ್ಟೇಷನ್ನಿಗೆ ಬಂದದ್ದು ಯಾವಾಗ?"

"ಬೆಳಬೆಳಗ್ಗೆ. ನಾನು ಡ್ಯೂಟಿಗೆ ಬರೋ ಮುಂಚೇನೇ ಕೂತಿದ್ರು. ಅಲ್ಲಿಂದ ಎದ್ದಿಲ್ಲ."

"ಕೀಲಿ ಇಲ್ಲಿದೆ ಅಂತ ಆಗಲೇ ಹೇಳಿದ್ಲಾ?"

"ಮೊದಲು ಹೇಳಿದ್ದೇ ಅದು. ಯಾಕೆ?"

ಸಣ್ಣಿ ಬೋರಲು ಬಿದ್ದ ಪೆಟ್ಟಿಗೆಯನ್ನೇ ನೋಡಿದಳು. ಕೀಲಿ ಈ ಪೆಟ್ಟಿಗೆಗೆ ಬಂದು ಗಳಿಗೆಯೂ ಆಗಿಲ್ಲ. ಅದು ಬರುತ್ತದೆಂದು ಅಕ್ಕನಿಗೆ ಬೆಳಗ್ಗೆಯೇ ಗೊತ್ತಿತ್ತು. ಪೊಲೀಸರಿಗಿಂತ ಮುಂಚೆ ಇವತ್ತು ಈ ಅಂಗಡಿಯ ಹೊಸ್ತಿಲು ದಾಟಿ ಬಂದವರು ಒಬ್ಬರೇ. ಬ್ಲೇಡಿಗೆಂದು ಆ ಪೆಟ್ಟಿಗೆಯೊಳಗೆ ಕೈ ಹಾಕಿದವರೂ ಅವರೇ.

ಅವಳು ನಿಧಾನಕ್ಕೆ ಬಾಗಿಲ ಕಡೆ ತಿರುಗಿದಳು.

ಭಾವ ಅವಳ ಕಡೆ ಬೆನ್ನು ಹಾಕಿ, ಒಂದು ಕೈ ಗೋಡೆಗೆ ಊರಿ, ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದರು.